ವಿಂಟನ್ ಊರಾಚೆಯ ಎರೆ ನೆಲ

ವ್ಯಾನಿನಿಂದ ಇಳಿದ ಕೂಡಲೇ ಅಪ್ಪ ಚಪ್ಪಲಿ ಬಿಟ್ಟರು. ಬರಿಗಾಲಲ್ಲಿ ನಾಲ್ಕು ಹೆಜ್ಜೆ ನಡೆದು, ಹಾಗೇ ಕುಕ್ಕರಗಾಲಲ್ಲಿ ಕೂತು ನೆಲ ನೋಡತೊಡಗಿದರು.

ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಿಂದ ಸುಮಾರು 1,350 ಕಿಲೋಮೀಟರ್, ಮೂರು ದಿನದ ದಾರಿ. ಬಾರ್‌ಕಾಲ್ಡಿನ್, ಲಾಂಗ್‌ರೀಚ್ ದಾಟಿ ವಿಂಟನ್‌ಗೆ ಬಂದಿದ್ದೆವು. ಸಾವಿರ ಜನವೂ ಇಲ್ಲದ ಊರು. ಕ್ವಾಂಟಾಸ್ ವಿಮಾನ ಕಂಪನಿ 1920ರಲ್ಲಿ ಹುಟ್ಟಿದ್ದು ಇಲ್ಲೇ. ಸುತ್ತಮುತ್ತ ಡೈನೋಸಾರ್ ಮೂಳೆ ಸಿಗುವುದರಿಂದ ಬೀದಿಯ ಕಸದ ಡಬ್ಬಿಗಳನ್ನೂ ಡೈನೋಸಾರ್ ಪಾದದ ಆಕಾರದಲ್ಲಿ ಮಾಡಿಟ್ಟಿದ್ದಾರೆ.

ಊರಿಂದ ನಾಲ್ಕೈದು ಕಿಲೋಮೀಟರ್ ಆಚೆ, ಜುಂಡಾ ರಸ್ತೆಯ ಕಡೆ, ಲಾಂಗ್ ವಾಟರ್‌ಹೋಲ್ ಅಂತ ಉದ್ದನೆಯ ಮಡು ಇದೆ. ನಾವು ಹೋದಾಗ ಅದರ ದಂಡೆಯಲ್ಲಿ ದುಡ್ಡಿಲ್ಲದೆ ತಂಗಬಹುದಿತ್ತು. ಕರೆಂಟ್, ನಲ್ಲಿ ಏನೂ ಇಲ್ಲ. ನೀರು, ಶೌಚಾಲಯ ಎಲ್ಲ ನಮ್ಮ ವ್ಯಾನಿನಲ್ಲೇ ಇರಬೇಕು, ಕಸವನ್ನೂ ನಾವೇ ವಾಪಸ್ ಒಯ್ಯಬೇಕು. ಇಂಥ ಸಣ್ಣ ಊರುಗಳು ಪ್ರವಾಸಿಗರಿಗೆ ಬಿಟ್ಟಿ ಜಾಗ ಕೊಡುವುದರಲ್ಲಿ ಒಂದು ಲೆಕ್ಕ ಇದೆ. ತಂಗಿದವರು ಊರಲ್ಲೇ ಡೀಸೆಲ್ ಹಾಕಿಸುತ್ತಾರೆ, ದಿನಸಿ ಕೊಳ್ಳುತ್ತಾರೆ, ಪಬ್ಬಿನಲ್ಲಿ ಊಟ ಮಾಡುತ್ತಾರೆ. ಬರಗಾಲದ ವರ್ಷಗಳಲ್ಲಿ ಅಂಗಡಿಗಳಿಗೆ ಇದೇ ಆಸರೆ. ನಾವೂ ಟ್ಯಾಂಕ್ ತುಂಬಿಸಿ, ಹಾಲು, ಉಳ್ಳಾಗಡ್ಡಿ ಕೊಂಡೇ ಇಲ್ಲಿಗೆ ಬಂದಿದ್ದೆವು.

ಅಪ್ಪ ನವಲಗುಂದದ ಕಡೆಯ ರೈತರು. ಹೆಸರು ಬಿತ್ತಿ, ಹೊಲ ಕಾಕಾನ ಕೈಗೆ ಒಪ್ಪಿಸಿ ನಮ್ಮಲ್ಲಿಗೆ ಬಂದಿದ್ದರು. ಬ್ರಿಸ್ಬೇನ್‌ನ ಮನೆಯಲ್ಲಿ ಎರಡು ವಾರ ಸುಮ್ನೆ ಕೂತಿದ್ದರು. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಮಾತಿಗೆ ಯಾರೂ ಇಲ್ಲ. ಒಂದು ಸಂಜೆ ನಾನು ಬರುವಾಗ ಅಂಗಳದ ಒಣಗಿದ ಹುಲ್ಲನ್ನು ಒಂದೊಂದಾಗಿ ಕೀಳುತ್ತಿದ್ದರು. ಅದನ್ನು ನೋಡಿಯೇ ನಾನು ಈ ಪ್ರವಾಸಕ್ಕೆ ರಜೆ ಹಾಕಿದ್ದು.

ಈಗ ಅವರು ನೆಲದ ಬಿರುಕಿನಲ್ಲಿ ಕೈ ಇಳಿಸಿದರು. ಮಣಿಕಟ್ಟಿನವರೆಗೂ ಹೋಯಿತು. ಒಂದು ಹೆಂಟೆ ಕಿತ್ತು, ಪುಡಿ ಮಾಡಿ, ಬಾಟಲಿಯಿಂದ ನೀರು ಹನಿಸಿ ಅಂಗೈಯಲ್ಲಿ ನಾದಿದರು. ಹೆಬ್ಬೆರಳಿಂದ ಒತ್ತಿದಾಗ ಮಣ್ಣು ರಿಬ್ಬನ್ ಹಾಗೆ ಉದ್ದಕ್ಕೆ ಬಂತು, ತುಂಡಾಗಲಿಲ್ಲ. ಬಣ್ಣ ನಮ್ಮೂರಿನಷ್ಟು ಕಪ್ಪಲ್ಲ, ಸ್ವಲ್ಪ ಕಂದು.

“ಇದು ನಮ್ಮ ಎರಿನ ಐತಿ ನೋಡೋ,” ಅಂದರು. ಆ ದನಿಯನ್ನು ಎರಡು ವಾರದಿಂದ ನಾನು ಕೇಳಿರಲಿಲ್ಲ.

ನಿಜವೇ. ಮಣ್ಣಿನ ವಿಜ್ಞಾನದಲ್ಲಿ ಎರಡಕ್ಕೂ ಒಂದೇ ಹೆಸರು, ವರ್ಟಿಸಾಲ್. ಒದ್ದೆಯಾದರೆ ಉಬ್ಬುವ, ಒಣಗಿದರೆ ಬಿರಿಯುವ ಜಿಗುಟು ಮಣ್ಣು. ಇಲ್ಲಿ ಅದರ ಮೇಲೆ ಮೈಲುಗಟ್ಟಲೆ ಮಿಚೆಲ್ ಹುಲ್ಲು. ಕುರಿ, ದನ ಮೇಯುತ್ತವೆ, ಬಿತ್ತನೆ ಇಲ್ಲ.

ಸಂಜೆ ಕೂಲಿಬಾ ಮರಗಳ ಮೇಲೆ ಗುಲಾಬಿ ಎದೆಯ ಗಿಳಿಗಳು ಗಲಾಟೆ ಎಬ್ಬಿಸಿದವು. ಅವ್ವ ಕಟ್ಟಿ ಕಳಿಸಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಕತ್ತಲಾದ ಮೇಲೆ ಚಳಿ ಜಾಸ್ತಿಯಾಯಿತು. ನಾನು ಚುಕ್ಕಿ ನೋಡುತ್ತಿದ್ದೆ. ಅಪ್ಪ ಪಡುವಣ ದಿಕ್ಕು ನೋಡುತ್ತಿದ್ದರು. ಅಲ್ಲಿ ಚುಕ್ಕಿ ಇರಲಿಲ್ಲ.

“ಗಾಡಿ ತಗಿ. ಮಳಿ ಬರ್ತೈತಿ.”

ಜುಲೈನಲ್ಲಿ ಇಲ್ಲಿ ಮಳೆ ಅಪರೂಪ ಅಪ್ಪ, ಬೆಳಗ್ಗೆ ನೋಡೋಣ ಅಂದೆ.

“ಬೆಳಗ್ಗೆ ಏನ್ ನೋಡ್ತಿ? ಎರ್‍ಯಾಗ ಗಾಲಿ ಹೂತ್ರ ನಾಲ್ಕು ದಿನ ಏಳಂಗಿಲ್ಲ.”

ಹೆಂಡತಿ ಆಗಲೇ ಕುರ್ಚಿ ಮಡಚುತ್ತಿದ್ದಳು. “ಮಾವಾರು ಹೇಳಿದ್ ಮೇಲೆ ಮುಗೀತು, ನಡೀರಿ.” ಪಕ್ಕದ ಕ್ಯಾರವಾನಿನ ಮುದುಕರಿಗೂ ಹೇಳು ಅಂದರು ಅಪ್ಪ. ಹೋಗಿ ನೋಡಿದರೆ ಆತ ಟಾರ್ಚ್ ಹಿಡಿದು ಕ್ಯಾರವಾನನ್ನು ಕಾರಿಗೆ ಸಿಕ್ಕಿಸುತ್ತಿದ್ದ. ಡಾರ್ಲಿಂಗ್ ಡೌನ್ಸ್ ಕಡೆಯ ರೈತನಂತೆ. ಅದೂ ಕಪ್ಪು ಮಣ್ಣಿನ ಸೀಮೆ. ಅಪ್ಪ ಬಂದು ಅಂಗೈಯಲ್ಲಿದ್ದ ಮಣ್ಣು ತೋರಿಸಿದರು. ಆತ ಅದನ್ನು ಚಿವುಟಿ ಬೆರಳ ಸಂದಿ ಹೊಸಕಿ, “ಬ್ಲ್ಯಾಕ್ ಸಾಯಿಲ್” ಅಂದ. “ಎರಿ,” ಅಂದರು ಅಪ್ಪ. ಇಬ್ಬರೂ ತಲೆಯಾಡಿಸಿದರು. ಇಂಗ್ಲಿಷ್ ಬಾರದ ಅಪ್ಪನಿಗೆ ಈ ದೇಶದಲ್ಲಿ ನಾನು ನಡುವೆ ನಿಲ್ಲದೆ ಆದ ಮೊದಲ ಮಾತುಕತೆ ಅದು.

ರಾತ್ರಿ ಕಾಂಗರೂಗಳು ಅಡ್ಡ ಬರುತ್ತವೆ ಅಂತ ನಿಧಾನಕ್ಕೆ ಹೊರಟೆವು. ಊರೊಳಗಿನ ಕ್ಯಾರವಾನ್ ಪಾರ್ಕಿನಲ್ಲಿ ಪುಣ್ಯಕ್ಕೆ ಜಾಗ ಸಿಕ್ಕಿತು. ಹನ್ನೊಂದು ಗಂಟೆಗೆ ವ್ಯಾನಿನ ತಗಡಿನ ಮೇಲೆ ಮೊದಲ ಹನಿ. ಆಮೇಲೆ ಬೆಳಗಿನವರೆಗೆ ನಿಲ್ಲಲಿಲ್ಲ.

ಬೆಳಗ್ಗೆ ಸ್ನಾನದ ನೀರಿಗೆ ಕೊಳೆತ ಮೊಟ್ಟೆಯ ವಾಸನೆ. ಈ ಊರಿನ ನೀರು ಒಂದು ಕಿಲೋಮೀಟರಿಗಿಂತ ಆಳದ ಕೊಳವೆಬಾವಿಯಿಂದ ಸುಡುತ್ತಾ ಬರುತ್ತದೆ, ಆರಿಸಿ ನಲ್ಲಿಗೆ ಬಿಡುತ್ತಾರೆ ಅಂತ ಹೇಳಿದೆ. ಅಪ್ಪನ ಕಿವಿ ಇತ್ತ ಇರಲಿಲ್ಲ. ಅವರಿಗೆ ಮಡುವಿನ ದಾರಿ ನೋಡಬೇಕಿತ್ತು. ಡಾಂಬರು ಮುಗಿಯುವಲ್ಲಿ ವ್ಯಾನ್ ನಿಲ್ಲಿಸಿದೆ. ಅಪ್ಪ ಇಳಿದು ಹತ್ತು ಹೆಜ್ಜೆ ಹೋಗಿ ಬಂದರು. ಒಂದೊಂದು ಕಾಲಿಗೂ ರೊಟ್ಟಿಯಷ್ಟು ಅಗಲದ ಮಣ್ಣು ಮೆತ್ತಿತ್ತು. ಕಡ್ಡಿಯಿಂದ ಅದನ್ನು ಕೆರೆಯುತ್ತಲೇ ಫೋನ್ ಕೇಳಿ ತಗೊಂಡರು. ಇಲ್ಲಿ ಹನ್ನೊಂದು ಗಂಟೆ, ನವಲಗುಂದದಲ್ಲಿ ಆರೂವರೆ.

“ತಮ್ಮಾ, ಇಲ್ಲೂ ಎರಿ ಐತೋ. ಕಣ್ಣ ಮುಟ್ಟೂ ತನ ಐತಿ. ಬಿತ್ತೋರ ಇಲ್ಲ.”

ಸ್ಪೀಕರಿನಲ್ಲಿ ಕಾಕಾ ಒಂದು ಕ್ಷಣ ಸುಮ್ಮನಿದ್ದು ಕೇಳಿದರು, “ಕಡ್ಲಿ ಹಾಕಿದ್ರ ಬರ್ತೈತೇನು?”