4 ಟಿಬಿಯಿಂದ 12 ಟಿಬಿಗೆ: ಆರು ಡಿಸ್ಕ್ ಬದಲಾವಣೆ, ಮೂರು ಮುಗಿದಿವೆ

ಝಡ್‌ಎಫ್‌ಎಸ್ (ZFS) ಪೂಲ್, ಅಂದರೆ ಹಲವು ಡಿಸ್ಕ್ ಸೇರಿಸಿ ಮಾಡಿದ ಒಂದೇ ಸಂಗ್ರಹ, ಇರುವುದು ರೇಡ್-ಝಡ್2ನಲ್ಲಿ (ಎರಡು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವ ಜೋಡಣೆ): ತಲಾ 4 ಟಿಬಿಯ ಆರು ಡಿಸ್ಕ್, ಶೇ 80ರಷ್ಟು ಭರ್ತಿ. ಆರನ್ನೂ 12 ಟಿಬಿಯವಕ್ಕೆ ಬದಲಿಸುವ ಕೆಲಸ ಇದು. ಬೋರ್ಡಿನಲ್ಲಿ ಏಳನೇ ಸಾಟಾ ಪೋರ್ಟ್ ಖಾಲಿ ಇದೆ, ಇಡೀ ಕೆಲಸ ನಿಂತಿರುವುದು ಅದರ ಮೇಲೆ. ಹಳೇ ಡಿಸ್ಕ್ ಕಿತ್ತು ಅದೇ ಜಾಗಕ್ಕೆ ಹೊಸದು ಹಾಕಿದರೆ ಪ್ರತಿ ಸುತ್ತಿನಲ್ಲೂ ಎರಡು ಪ್ಯಾರಿಟಿಯಲ್ಲಿ (ಕೆಟ್ಟ ಡಿಸ್ಕಿನ ಡೇಟಾ ಮರಳಿ ಕಟ್ಟಲು ಇಟ್ಟ ಹೆಚ್ಚುವರಿ ಮಾಹಿತಿ) ಒಂದನ್ನು ಕೈಯಾರೆ ಕಳೆದುಕೊಂಡಂತೆ. ಹಳೆಯದು ಒಳಗಿರುವಾಗಲೇ ‘ಝೆಡ್‌ಪೂಲ್ ರಿಪ್ಲೇಸ್’ ಆಜ್ಞೆ ಕೊಟ್ಟರೆ ರಿಸಿಲ್ವರ್ (ಹೊಸ ಡಿಸ್ಕಿಗೆ ಡೇಟಾ ತುಂಬುವುದು) ಮುಗಿಯುವವರೆಗೂ ಅದು ದುಡಿಯುತ್ತದೆ, ಆಮೇಲೆ ತಾನಾಗಿ ಕಳಚಿಕೊಳ್ಳುತ್ತದೆ.

ದಿನ 1
ಬ್ಯಾಕಪ್, ನಂತರ ಸ್ಕ್ರಬ್ (ಪೂಲಿನ ಡೇಟಾವನ್ನೆಲ್ಲ ಓದಿ ತಪ್ಪು ಹುಡುಕುವುದು). ತಪ್ಪು ಸೊನ್ನೆ. ಆಶಿಫ್ಟ್ (ಪೂಲ್ ಬಳಸುವ ಸೆಕ್ಟರ್ ಗಾತ್ರ, 2ರ ಘಾತದಲ್ಲಿ: 12 ಎಂದರೆ 4096 ಬೈಟ್, 9 ಎಂದರೆ 512) 12 ಎಂದು ಪೂಲಿನ ಒಳವಿವರ ತೋರಿಸುವ ಝಡ್‌ಡಿಬಿಯಲ್ಲೇ ನೋಡಿದ್ದು. ಪೂಲ್ ಪ್ರಾಪರ್ಟಿಯಲ್ಲಿ 0 ಎಂದಷ್ಟೇ ಬಂದರೆ ಅದು ಉತ್ತರವಲ್ಲ. 9 ಇದ್ದಿದ್ದರೆ ಡಿಸ್ಕ್ ಬದಲಿಸುವುದು ಬಿಟ್ಟು ಪೂಲನ್ನೇ ಹೊಸದಾಗಿ ಕಟ್ಟುವುದು ವಾಸಿ.

ದಿನ 2ರಿಂದ 8
ಬೇರೆ ಯಂತ್ರದಲ್ಲಿ ಆರು ಹೊಸ ಡಿಸ್ಕಿಗೂ ಒಟ್ಟಿಗೆ ಬ್ಯಾಡ್‌ಬ್ಲಾಕ್ಸ್ (ಇಡೀ ಡಿಸ್ಕಿಗೆ ಬರೆದು ಓದಿ ಕೆಟ್ಟ ಜಾಗ ಹುಡುಕುವ ಪ್ರೋಗ್ರಾಂ), ಬ್ಲಾಕ್ ಗಾತ್ರ 4096. ನಾಲ್ಕು ಪ್ಯಾಟರ್ನ್, ಪ್ರತಿಯೊಂದಕ್ಕೂ ಒಮ್ಮೆ ಬರೆದು ಒಮ್ಮೆ ಓದು: ಎಂಟು ಸುತ್ತು, ಸುತ್ತಿಗೆ ಹದಿನೆಂಟೂವರೆ ಗಂಟೆಯಂತೆ ಆರು ದಿನ. 18 ಟಿಬಿ ಡಿಸ್ಕಿಗೆ 4096 ಸಾಲದು, 8192 ಕೊಡಬೇಕು. ಬ್ಲಾಕ್ ಸಂಖ್ಯೆ 32 ಬಿಟ್ ಮೀರಿ ಹೋಗುತ್ತದೆ. ಕೊನೆಗೆ ಸ್ಮಾರ್ಟ್ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ದಾಖಲೆ) ಲಾಂಗ್ ಟೆಸ್ಟ್. ಒಂದರಲ್ಲಿ 197ನೇ ಸಾಲು (ಪೆಂಡಿಂಗ್ ಸೆಕ್ಟರ್, ಓದಲು ತೊಡಕಾದ ಜಾಗಗಳ ಎಣಿಕೆ) 8ಕ್ಕೆ ಏರಿತ್ತು. ವಾಪಸ್, ಬದಲಿ ಬಂದ ಮೇಲೆ ಅದಕ್ಕೂ ಇದೇ ಪರೀಕ್ಷೆ. ಪೂಲ್‌ಗೆ ಹಾಕಿದ ಮೇಲೆ ಗೊತ್ತಾಗುವುದಕ್ಕಿಂತ ಇದು ಎಷ್ಟೋ ಮೇಲು.

ದಿನ 9
ಏಳನೇ ಪೋರ್ಟಿಗೆ ಹಾಕಿದ ಹೊಸ ಡಿಸ್ಕ್ ಸುತ್ತಲೇ ಇಲ್ಲ, ಬಯಾಸ್‌ನಲ್ಲೂ ಹೆಸರಿಲ್ಲ. ಡಿಸ್ಕ್ ಸತ್ತಿರಲಿಲ್ಲ. ಸಾಟಾ ಪವರ್ ಕನೆಕ್ಟರಿನ ಮೂರನೇ ಪಿನ್‌ಗೆ ಹಳೇ ಪವರ್ ಸಪ್ಲೈ 3.3 ವೋಲ್ಟ್ ಕೊಡುತ್ತದೆ. ಹೊಸ ಡಿಸ್ಕ್‌ಗಳಲ್ಲಿ ಹಲವು ಅದನ್ನು ‘ಆಫ್ ಆಗು’ ಎಂಬ ಆಜ್ಞೆ ಎಂದೇ ತಿಳಿಯುತ್ತವೆ. ಡಿಸ್ಕ್ ಕಡೆಯ ಮೊದಲ ಮೂರು ಪಿನ್ ಮೇಲೆ ನಾಲ್ಕು ಮಿಲಿಮೀಟರಿನಷ್ಟು ಅಗಲದ ಕ್ಯಾಪ್ಟಾನ್ (Kapton, ಬಿಸಿ ತಡೆಯುವ) ಟೇಪ್ ಅಂಟಿಸಿದರೆ ಸಾಕು. ಮಾಮೂಲಿ ಇನ್ಸುಲೇಷನ್ ಟೇಪ್ ಬಿಸಿಗೆ ಜಾರುತ್ತದೆ. 3.3 ವೋಲ್ಟ್ ತಂತಿಯೇ ಇಲ್ಲದ ಮೋಲೆಕ್ಸ್ (ಹಳೇ ನಾಲ್ಕು ಪಿನ್ ಪವರ್ ಕನೆಕ್ಟರ್) ಅಡಾಪ್ಟರಿನಿಂದಲೂ ಆಗುತ್ತದೆ, ಆದರೆ ಅಚ್ಚು ಹೊಯ್ದ ಅಗ್ಗದ ಬಗೆ ಒಳಗೇ ಶಾರ್ಟ್ ಆಗಿ ಹೊತ್ತಿಕೊಳ್ಳುವುದುಂಟು.

ದಿನ 9ರಿಂದ 12
ರಿಪ್ಲೇಸ್‌ಗೆ ಎಸ್‌ಡಿಎ, ಎಸ್‌ಡಿಬಿ (ಲಿನಕ್ಸ್ ಡಿಸ್ಕಿಗೆ ಕೊಡುವ, ಬೂಟ್ ಆದಾಗ ಬದಲಾಗಬಹುದಾದ ಹೆಸರು) ಬೇಡ. ಬೈ-ಐಡಿ ಹೆಸರು, ಅದರಲ್ಲಿ ಸೀರಿಯಲ್ ನಂಬರ್ ಇರುತ್ತದೆ. ಅದರ ಕೊನೆಯ ನಾಲ್ಕು ಅಕ್ಷರ ಪ್ರತಿ ಟ್ರೇ ಮುಖಕ್ಕೆ ಚೀಟಿ ಅಂಟಿಸಿ ಬರೆದಿದೆ. ಒಂದೊಂದು ಡಿಸ್ಕಿಗೆ ಸುಮಾರು 3.2 ಟಿಬಿ ಬರೆಯಬೇಕು, ಒಂಬತ್ತು ಗಂಟೆ. ಮುಗಿದ ಮೇಲೆ ಹಳೆಯದನ್ನು ತೆಗೆದ ಜಾಗಕ್ಕೇ ಮುಂದಿನ ಹೊಸದು. ಹೀಗೆ ಖಾಲಿ ಮನೆ ಒಂದೊಂದಾಗಿ ಸರಿಯುತ್ತಾ ಹೋಗುತ್ತದೆ. ಎರಡನೆಯದರಲ್ಲಿ 199ನೇ ಸಾಲು (ಸಿಆರ್‌ಸಿ, ಡೇಟಾ ಸಾಗಣೆಯ ತಪ್ಪುಗಳ ಎಣಿಕೆ) ಏರತೊಡಗಿತು. ಅದು ಕೇಬಲ್ ರೋಗ. ಕೇಬಲ್ ಬದಲಿಸಿದ ಮೇಲೆ ಎಣಿಕೆ ನಿಂತಿತು, ಸೊನ್ನೆಗೆ ಮಾತ್ರ ಇಳಿಯುವುದಿಲ್ಲ.

ಕಳಚಿದ ಹಳೇ ಡಿಸ್ಕ್‌ಗಳನ್ನು ಬ್ಯಾಕಪ್ ಎಂದುಕೊಳ್ಳಬೇಡಿ. ಒಂದೊಂದೂ ಒಂದೊಂದು ಹೊತ್ತಿನಲ್ಲಿ ಹೊರಬಂದದ್ದು, ಆರನ್ನೂ ಜೋಡಿಸಿದರೂ ಹಳೇ ಪೂಲ್ ಏಳುವುದಿಲ್ಲ.

ಬಾಕಿ
ನಾಲ್ಕನೆಯದು ಶೇ 41. ಆರೂ ಮುಗಿಯುವವರೆಗೆ ಜಾಗ ಒಂದು ಬೈಟೂ ಹೆಚ್ಚದು. ಆಟೋಎಕ್ಸ್‌ಪ್ಯಾಂಡ್ (ಪೂಲ್ ತಾನಾಗಿ ಹಿಗ್ಗುವ ಆಯ್ಕೆ) ಸದ್ಯಕ್ಕೆ ಆಫ್ ಇದೆ, ಬೇಕೆಂತಲೇ: ಒಮ್ಮೆ ಹಿಗ್ಗಿದ ಪೂಲ್‌ಗೆ ಮತ್ತೆ 4 ಟಿಬಿ ಡಿಸ್ಕ್ ಹಾಕಲಾಗದು. ಕೊನೆಯ ಸ್ಕ್ರಬ್ ಶುದ್ಧವಾಗಿ ಬಂದ ಮೇಲೆ ಪ್ರತಿ ಡಿಸ್ಕಿಗೂ ಹಿಗ್ಗಿಸುವ ಆಜ್ಞೆ, ‘ಝೆಡ್‌ಪೂಲ್ ಆನ್‌ಲೈನ್ ಮೈನಸ್ ಇ’. ಪ್ಯಾರಿಟಿಯ ಎರಡು ಡಿಸ್ಕಿನಷ್ಟು ಬಿಟ್ಟರೆ ಲೆಕ್ಕಕ್ಕೆ 48 ಟಿಬಿ, 1024ರ ಎಣಿಕೆಯಲ್ಲಿ 43.6ಕ್ಕಿಂತ ತುಸು ಕಡಿಮೆ ಕಾಣಬೇಕು.