ರಾಜಕೀಯವೇ ಬೇಡ ಎಂದಿದ್ದವರು ಪಂಚಾಯಿತಿಗೆ ಏಕೆ ನಿಂತಿರಿ?

ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಸಂತೆಯಲ್ಲಿ ಸಿಕ್ಕವರೆಲ್ಲ ನನಗೆ ಕೇಳುವ ಪ್ರಶ್ನೆ ಒಂದೇ: ರಾಜಕೀಯದ ಸಹವಾಸವೇ ಬೇಡ ಎನ್ನುತ್ತಿದ್ದವರು ನೀವು, ಮತ್ತೆ ಗ್ರಾಮ ಪಂಚಾಯಿತಿ ಚುನಾವಣೆಗೆ ಯಾಕೆ ನಿಂತಿರಿ, ಒಳಗೆ ಹೋಗಿ ನೋಡಿದ ಮೇಲೂ ನಂಬಿಕೆ ಉಳಿದಿದೆಯೇ? ಈಚೆಗೆ ಇಬ್ಬರು ಹುಡುಗಿಯರು ತಾವೂ ನಿಲ್ಲಬೇಕೆಂಬ ಆಸೆಯಿಂದ ಇದನ್ನೇ ಕೇಳಿದರು. ಅವರಿಗೆ ನಿಂತಲ್ಲೇ ಎರಡು ಮಾತು ಹೇಳಿ ಕಳಿಸಲು ಮನಸ್ಸು ಒಪ್ಪದೆ ಇದನ್ನು ಬರೆಯುತ್ತಿದ್ದೇನೆ.

2018ರ ವಿಧಾನಸಭಾ ಚುನಾವಣೆಯಲ್ಲಿ ನಾನು ಒಬ್ಬ ಅಭ್ಯರ್ಥಿಯ ಪರವಾಗಿ ಕರಪತ್ರ ಹಿಡಿದು ಮನೆ ಮನೆ ತಿರುಗಿದ್ದೆ. ಮುಂದಿನ ವರ್ಷ ಜುಲೈನಲ್ಲಿ ಆಡಳಿತ ಪಕ್ಷಗಳ ಶಾಸಕರು ಸಾಲುಸಾಲಾಗಿ ರಾಜೀನಾಮೆ ಕೊಟ್ಟು ಮುಂಬೈಯ ಹೋಟೆಲಿನಲ್ಲಿ ಉಳಿದುಕೊಂಡರು. 23ರಂದು ವಿಶ್ವಾಸಮತ 99ಕ್ಕೆ 105ರಂತೆ ಬಿದ್ದುಹೋಯಿತು. ನಾನು ಮತ ಕೇಳಿದ್ದ ವ್ಯಕ್ತಿ ಆ ಗುಂಪಿನಲ್ಲಿ ಇರಲಿಲ್ಲ. ಆದರೂ ಟಿವಿಯ ಮುಂದೆ ಕುಳಿತಿದ್ದಾಗ, ನಾನು ಕೈಮುಗಿದು ನಿಂತಿದ್ದ ಬಾಗಿಲುಗಳೆಲ್ಲ ಕಣ್ಣ ಮುಂದೆ ಬಂದವು. ಮತ ಹಾಕಿದವರನ್ನು ಒಂದು ಮಾತೂ ಕೇಳದೆ ಸರ್ಕಾರವನ್ನೇ ಬದಲಿಸಬಹುದಾದರೆ ನಾನು ಯಾರಿಗಾಗಿ ಬಿಸಿಲಲ್ಲಿ ಅಲೆದೆ ಎನ್ನಿಸಿ, ಇನ್ನು ಮೇಲೆ ಈ ಕಡೆಗೆ ತಲೆ ಹಾಕುವುದಿಲ್ಲವೆಂದು ಮನೆಯವರಿಗೆಲ್ಲ ಹೇಳಿಬಿಟ್ಟೆ.

ಆ ಮಾತಿಗೆ ಒಂದು ವರ್ಷವೂ ಆಯಸ್ಸು ಇರಲಿಲ್ಲ. ನಮ್ಮ ಊರಿನ ದಲಿತರ ಕಾಲೊನಿಯಲ್ಲಿ ಒಬ್ಬ ತಾಯಿ ದಾರಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿ ತನ್ನ ಮನೆಯ ಮುಂದಿನ ನಲ್ಲಿಯನ್ನು ತೋರಿಸಿದಳು. ಮಕ್ಕಳು ಕಲ್ಲು ತುರುಕದಿರಲೆಂದು ಅದರ ಬಾಯಿಗೆ ಬಟ್ಟೆ ಕಟ್ಟಿದ್ದಳು. ಬಟ್ಟೆ ಬಿಸಿಲಿಗೆ ಬಣ್ಣ ಕಳೆದುಕೊಂಡು ಬೆಳ್ಳಗಾಗಿತ್ತು. "ಓಟು ಕೇಳೋಕೆ ಬಂದಾಗಲೂ ಇದನ್ನೇ ತೋರಿಸಿದ್ದೆ ಅಕ್ಕ, ನಿಮಗೆ ನೆನಪಿರಬೇಕು" ಎಂದಳು. ನನಗೆ ನೆನಪಿತ್ತು. ಯಾರೋ ಶಾಸಕರು ಮಾಡಿದ ತಪ್ಪಿಗೆ ನಾನು ಮುನಿಸಿಕೊಂಡು ಮನೆಯಲ್ಲಿ ಕುಳಿತರೆ ನಷ್ಟವಾಗುವುದು ಆ ನಲ್ಲಿಗೇ ಎಂದು ಅಂದು ತಿಳಿಯಿತು.

2020ರ ಡಿಸೆಂಬರಿನಲ್ಲಿ ಪಂಚಾಯಿತಿ ಚುನಾವಣೆ ಬಂದಾಗ ನಮ್ಮ ವಾರ್ಡಿನ ಸ್ಥಾನ ಮಹಿಳೆಗೆ ಮೀಸಲಾಗಿತ್ತು. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆಯಿಲ್ಲ. ಸರಾಸರಿ 400 ಜನಕ್ಕೆ ಒಬ್ಬರಂತೆ ಸದಸ್ಯರಿರುವುದರಿಂದ ಮತ ಕೊಟ್ಟವರ ಮುಖವೆಲ್ಲ ಪರಿಚಯವಿರುತ್ತದೆ, ತಪ್ಪಿಸಿಕೊಂಡು ಓಡಾಡಲು ಬೇರೆ ಬೀದಿಯಿಲ್ಲ. ಈ ಅವಕಾಶ ನನ್ನಂಥವರ ಕೈಗೆ ತಾನಾಗಿ ಬಂದದ್ದಲ್ಲ. ಹಳ್ಳಿಗಳಿಗೆ ಕೊಳವೆಬಾವಿ ಕೊರೆಸಿ ಜನರ ಬಾಯಲ್ಲಿ 'ನೀರ್ ಸಾಬ್' ಆದ ಅಬ್ದುಲ್ ನಜೀರ್ ಸಾಬ್ ಅವರು ಸಚಿವರಾಗಿದ್ದಾಗ ತಂದ 1983ರ ಕಾಯ್ದೆಯೇ ಸ್ಥಳೀಯ ಸಂಸ್ಥೆಗಳಲ್ಲಿ ಹೆಣ್ಣುಮಕ್ಕಳಿಗೆ ಕಾಲುಭಾಗ ಸ್ಥಾನ ಕಾದಿರಿಸಿತ್ತು. ದೇಶದ ಎಲ್ಲ ಪಂಚಾಯಿತಿಗಳಲ್ಲೂ ಮಹಿಳೆಯರಿಗೆ ಮೂರನೇ ಒಂದು ಭಾಗ ಸ್ಥಾನ ಕಾದಿರಿಸಿದ ಸಂವಿಧಾನದ 73ನೇ ತಿದ್ದುಪಡಿ ಬಂದದ್ದು ಅದಾದ ಎಷ್ಟೋ ವರ್ಷಗಳ ಮೇಲೆ, 1993ರಲ್ಲಿ. ಈಗ ನಮ್ಮ ರಾಜ್ಯದಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರದು.

ಹಿಂದೆ ಸದಸ್ಯೆಯಾಗಿದ್ದ ಹಿರಿಯ ಹೆಂಗಸೊಬ್ಬರು ನನ್ನ ಎದುರು ನಿಂತಿದ್ದರು. ಆಕೆ ಐದು ವರ್ಷ ಏನೂ ಮಾಡಲಿಲ್ಲವೆಂದು ನಾನು ಪ್ರಚಾರದಲ್ಲಿ ಹೋದಲ್ಲೆಲ್ಲ ಹೇಳಿ ನಲವತ್ತೊಂದು ಮತದಿಂದ ಗೆದ್ದೆ. ಗೆದ್ದ ಮೇಲೆ ನೋಡಿದರೆ ಕಾಲೊನಿಗೆ ನೀರು ಯಾಕೆ ಏರುವುದಿಲ್ಲವೆಂದು ಹೇಳಬಲ್ಲವರು ಯಾರೂ ಸಿಗಲಿಲ್ಲ. ಪೈಪು ಹೂತ ಕಾಲದ ನಕ್ಷೆ ಕಚೇರಿಯಲ್ಲಿ ಇರಲಿಲ್ಲ, ಹಳೆಯ ನೀರುಗಂಟಿ ತೀರಿಕೊಂಡಿದ್ದರು. ಬೇರೆ ದಾರಿ ಕಾಣದೆ ನಾನು ಸೋಲಿಸಿದ್ದ ಅದೇ ಅಕ್ಕನ ಮನೆಗೆ ಹೋದೆ. ಅವರು ಮೊರದಲ್ಲಿ ರಾಗಿ ಕೇರುತ್ತಿದ್ದರು. ನಾನು ಹೇಳುವುದನ್ನೆಲ್ಲ ಕೇಳಿಸಿಕೊಂಡರೂ ತಲೆ ಎತ್ತಲಿಲ್ಲ. ಕೊನೆಗೆ "ಗೆದ್ದೋಳು ನೀನು, ನೀರು ನಾನು ಬಿಡಬೇಕೇನಮ್ಮ?" ಎಂದರು. ಆಮೇಲೆ ಮೊರವನ್ನು ಗೋಡೆಗೆ ಒರಗಿಸಿ ಸೆರಗು ಸಿಕ್ಕಿಸಿಕೊಂಡು ಎದ್ದು ಹೊರಟೇಬಿಟ್ಟರು.

ಶಾಲೆಯ ಕಾಂಪೌಂಡಿನ ಹಿಂದೆ ಒಂದು ಚಪ್ಪಡಿ ಕಲ್ಲು ಇತ್ತು. ಇಬ್ಬರೂ ಸೇರಿ ಅದನ್ನು ಸರಿಸಿದಾಗ ಮಣ್ಣಿನಲ್ಲಿ ಮುಕ್ಕಾಲು ಮುಚ್ಚಿಹೋದ ವಾಲ್ವ್ ಕಾಣಿಸಿತು. ಅಕ್ಕ ಮಂಡಿಯೂರಿ ಕೈಯಿಂದಲೇ ಮಣ್ಣು ಬಳಿದು, ತುಕ್ಕು ಹಿಡಿದ ಚಕ್ರವನ್ನು ತೋರಿಸಿ, ಪೂರ್ತಿ ತಿರುಗಿಸಿದರೆ ದೊಡ್ಡ ಬೀದಿಗೆ ನೀರು ನಿಂತೇ ಹೋಗುತ್ತದೆ, ಆರು ಸುತ್ತಿಗೆ ನಿಲ್ಲಿಸಬೇಕು ಎಂದರು. ಇಷ್ಟು ತಿಳಿದಿದ್ದೂ ಯಾಕೆ ಮಾಡಲಿಲ್ಲವೆಂದು ಕೇಳಿದೆ. ಒಮ್ಮೆ ಮಾಡಿದ್ದರಂತೆ. ಮರುದಿನ ಬೆಳಿಗ್ಗೆ ದೊಡ್ಡ ಬೀದಿಯವರು ಬಿಂದಿಗೆ ಹಿಡಿದು ಅವರ ಮನೆಯ ಮುಂದೆ ಜಗಳಕ್ಕೆ ಬಂದಾಗ ಉಳಿದ ಸದಸ್ಯರಲ್ಲಿ ಒಬ್ಬರೂ ಜೊತೆಗೆ ನಿಲ್ಲಲಿಲ್ಲ. ಸಂಜೆ ತಾವೇ ಹೋಗಿ ವಾಲ್ವ್ ಮುಚ್ಚಿದ್ದರು. "ಆವತ್ತು ಒಬ್ಬಳೇ ಆಗ್ಬಿಟ್ಟೆ" ಎಂದಷ್ಟೇ ಹೇಳಿದರು. ಏನೂ ಮಾಡಲಿಲ್ಲವೆಂದು ನಾನು ಊರೆಲ್ಲ ಹೇಳಿಕೊಂಡು ಬಂದದ್ದು ಇವರ ಬಗ್ಗೆ. ಅಲ್ಲಿಯೇ ಕ್ಷಮೆ ಕೇಳಿದೆ.

ನನ್ನ ಉತ್ತರದ ಮುಖ್ಯ ಭಾಗ ಇಲ್ಲಿಯೇ ಇದೆ. ಅಧಿಕಾರದಲ್ಲಿದ್ದವರೆಲ್ಲ ಮನಸ್ಸಿಲ್ಲದೆ ಸುಮ್ಮನಿದ್ದಾರೆ ಎಂದು ತಿಳಿದಿದ್ದುದರಿಂದಲೇ ನನ್ನ ಹತಾಶೆ ಅಷ್ಟು ಗಟ್ಟಿಯಾಗಿತ್ತು. ಮನಸ್ಸಿದ್ದೂ ಒಂಟಿಯಾಗಿ ಸೋತವರು ಎಷ್ಟು ಜನ ಇರಬಹುದೆಂದು ನಾನು ಯೋಚಿಸಿರಲೇ ಇಲ್ಲ. ಮುಂದಿನ ವಾರ್ಡ್ ಸಭೆಯನ್ನು ದೇವಸ್ಥಾನದ ಜಗಲಿಯಲ್ಲಿ ಮಾಡದೆ ಕಾಲೊನಿಯ ಅಂಗಳದಲ್ಲೇ ಕರೆದೆವು. ಇದನ್ನು ಸಣ್ಣ ವಿಷಯವೆಂದು ಯಾರೂ ಎಣಿಸಬಾರದು. ಜಗಲಿಯ ಸಭೆಯಲ್ಲಿ ಕಾಲೊನಿಯವರು ದೂರದಲ್ಲಿ ನಿಂತೇ ಕೇಳಿಸಿಕೊಂಡು ಹೋಗುತ್ತಿದ್ದರು, ಇಲ್ಲಿ ಅವರು ಚಾಪೆ ಹಾಸಿ ಉಳಿದವರನ್ನು ಕೂರಿಸಿದರು. ಅಕ್ಕನೂ ನಾನೂ ಅಕ್ಕಪಕ್ಕದಲ್ಲಿ ಕುಳಿತೆವು. ದೊಡ್ಡ ಬೀದಿಯವರ ಕೂಗಾಟ ಎರಡು ಗಂಟೆ ನಡೆಯಿತು. ಅಷ್ಟನ್ನೂ ಕೇಳಿದ ಮೇಲೆ ಯಾವ ದಿನ ಯಾರಿಗೆ ನೀರೆಂದು ತೀರ್ಮಾನಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಎರಡೂ ಕಡೆಯವರಿಂದ ಸಹಿ ಹಾಕಿಸಿದೆವು. ಮಾರನೆಯ ಬೆಳಿಗ್ಗೆ ಬಿಂದಿಗೆಗಳು ಬಂದವು, ಆದರೆ ಈ ಸಲ ನಾವು ಹನ್ನೊಂದು ಜನ ನಿಂತಿದ್ದೆವು.

ಹಳ್ಳಿಯ ಬಗ್ಗೆ ಹುಸಿ ಭರವಸೆ ಹಂಚಲು ನಾನು ಸಿದ್ಧಳಿಲ್ಲ. 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರು ಹಳ್ಳಿಯನ್ನು ಅಜ್ಞಾನದ, ಸಂಕುಚಿತ ಬುದ್ಧಿಯ ಗೂಡೆಂದು ಕರೆದಾಗ ಅನೇಕರಿಗೆ ನೋವಾಗಿತ್ತು. ನಲ್ಲಿಯ ಬಾಯಿಗೆ ಕಟ್ಟಿದ ಬಟ್ಟೆಯನ್ನು ಕಂಡ ಮೇಲೆ ನನಗೆ ಅವರ ಮಾತನ್ನು ತಳ್ಳಿಹಾಕಲು ಸಾಧ್ಯವಾಗುತ್ತಿಲ್ಲ. ನಮ್ಮ ಚುನಾವಣೆಯ ಹೊತ್ತಿನಲ್ಲೇ ರಾಜ್ಯದ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನವನ್ನು ಹರಾಜು ಹಾಕಿದ ಸುದ್ದಿ ಬಂತು. ಸದಸ್ಯೆಯ ಕುರ್ಚಿಯಲ್ಲಿ ಗಂಡ ಬಂದು ಕೂರುವುದು ಇನ್ನೂ ನಿಂತಿಲ್ಲ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯನ್ನೇ ನಡೆಸದೆ ಬಿಟ್ಟಿದ್ದು ನನ್ನ ಮಟ್ಟಿಗೆ ದೊಡ್ಡ ಅನ್ಯಾಯ. ಎಲ್ಲ ಪಕ್ಷಗಳ ಸರ್ಕಾರಗಳೂ ಅದಕ್ಕೆ ಹೊಣೆ ಹೊರಬೇಕು. ಇವೆಲ್ಲ ಗೊತ್ತಿದ್ದೂ ನಾನು ಆ ಹುಡುಗಿಯರಿಗೆ ನಿಲ್ಲಿ ಎಂದೇ ಹೇಳುತ್ತೇನೆ. ನಾಮಪತ್ರ ಹಾಕುವ ಮೊದಲು ಹಿಂದಿನ ನಡಾವಳಿಗಳನ್ನು ಓದಿ, ಪಂಚಾಯಿತಿಯ ವರ್ಷದ ಲೆಕ್ಕವನ್ನು ಜನರ ಮುಂದೆ ಪರಿಶೀಲಿಸುವ ಜಮಾಬಂದಿಯ ದಿನ ಹೋಗಿ ಲೆಕ್ಕ ಕೇಳಿ, ನಿಮಗಿಂತ ಮೊದಲು ಆ ಕುರ್ಚಿಯಲ್ಲಿ ಕುಳಿತಿದ್ದವರ ಮನೆಗೆ ಒಮ್ಮೆ ಹೋಗಿ ಬನ್ನಿ ಎಂದೂ ಹೇಳುತ್ತೇನೆ.

ನೀರಿನ ವೇಳಾಪಟ್ಟಿಯನ್ನು ಟ್ಯಾಂಕಿನ ಕಂಬದ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದ್ದೇವೆ. ಸೋಮವಾರದಿಂದ ಶನಿವಾರದವರೆಗೆ ತುಂಬಿದೆ. ಭಾನುವಾರದ ಎದುರು ಇನ್ನೂ ಏನೂ ಬರೆದಿಲ್ಲ, ಏಕೆಂದರೆ ಅದು ಎರಡೂ ಕಡೆಯವರಿಗೆ ಬೇಕು. ಮುಂದಿನ ಸಭೆಗೆ ಆ ವಿಷಯ ಹಾಕಿದ್ದೇನೆ, ಅಕ್ಕ ಬರುತ್ತೇನೆಂದಿದ್ದಾರೆ.