‘ಅಕ್ಕಾ, ಯಾರಿಗೂ ಹೇಳಬೇಡಿ’: ಪೀರ್ ಮೆಂಟರ್‌ಗಳನ್ನು ತಯಾರು ಮಾಡುವ ಕೆಲಸದ ಪಾಠಗಳು

"ಅಕ್ಕಾ, ಒಂದು ವಿಷಯ ಹೇಳ್ತೀನಿ, ಯಾರಿಗೂ ಹೇಳಬೇಡಿ."

ಪೀರ್ ಮೆಂಟರ್, ಅಂದರೆ ಜೂನಿಯರ್‌ಗಳ ಮನಸ್ಸಿನ ಕಷ್ಟ ಕೇಳಿಸಿಕೊಳ್ಳುವ ಸೀನಿಯರ್ ವಿದ್ಯಾರ್ಥಿ, ಆದವರ ಕಿವಿಗೆ ಮೊದಲ ತಿಂಗಳಲ್ಲೇ ಈ ಮಾತು ಬೀಳುತ್ತದೆ. ಎದುರಿಗಿರುವ ಜೂನಿಯರ್ ಕಣ್ಣು ತುಂಬಿಕೊಂಡಿರುತ್ತಾಳೆ, ಅಕ್ಕ ಅಂತ ಬೇರೆ ಕರೆದಿರುತ್ತಾಳೆ. ಬಾಯಿಗೆ ತಾನಾಗಿ ಬರುವ ಉತ್ತರ, "ಇಲ್ಲಮ್ಮ, ಪ್ರಾಮಿಸ್." ಅಷ್ಟು ಹೇಳಿಬಿಟ್ಟರೆ ಮುಂದೆ ಯಾವ ವಿಷಯ ಬಂದರೂ ಅದನ್ನು ಇಪ್ಪತ್ತು ವರ್ಷದ ಹುಡುಗಿ ಒಬ್ಬಳೇ ಹೊರಬೇಕು. ಕಾಲೇಜು, ಹಾಸ್ಟೆಲ್‌ಗಳಲ್ಲಿ ಈ ಕಾರ್ಯಕ್ರಮ ನಡೆಸುವ ನಮ್ಮಂಥವರ ಮುಖ್ಯ ಕೆಲಸ, ಆ ಪ್ರಾಮಿಸ್ ಬಾಯಿಗೆ ಬಾರದ ಹಾಗೆ ಮೆಂಟರ್‌ಗಳನ್ನು ತಯಾರು ಮಾಡುವುದು. ಮಿಕ್ಕ ತರಬೇತಿಯನ್ನೆಲ್ಲ ಅದರ ಸುತ್ತಲೇ ಕಟ್ಟುತ್ತೇವೆ.

ಮಾನಸಿಕ ತೊಂದರೆಗಳಲ್ಲಿ ಸುಮಾರು ಮೂರನೇ ಒಂದು ಭಾಗ 14 ವರ್ಷದೊಳಗೆ, ಅರ್ಧದಷ್ಟು 18 ವರ್ಷದೊಳಗೆ ತಲೆದೋರುತ್ತವೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಪಿಯುಸಿಗೋ ಡಿಗ್ರಿಗೋ ಸೇರುವ ಹೊತ್ತಿಗೆ ಎಷ್ಟೋ ಮಕ್ಕಳು ಯಾರಿಗೂ ಹೇಳದೆ ವರ್ಷಗಟ್ಟಲೆ ತಳ್ಳಿಬಿಟ್ಟಿರುತ್ತಾರೆ. ಕೌನ್ಸೆಲರ್ ಕೋಣೆಯ ಬಾಗಿಲಿಗೆ ಬರುವುದು ಅವರಿಗೆ ದೊಡ್ಡ ಹೆಜ್ಜೆ. ಪಕ್ಕದ ರೂಮಿನ ಸೀನಿಯರ್ ಹತ್ತಿರ ಕೂರುವುದು ಅಷ್ಟು ಕಷ್ಟವಲ್ಲ. ಪೀರ್ ಮೆಂಟರ್ ಕೆಲಸ ಈ ಎರಡರ ನಡುವಿನ ದಾರಿಯಲ್ಲಿ ಜೊತೆಯಾಗಿ ನಡೆಯುವುದು, ಅಷ್ಟೇ. ಚಿಕಿತ್ಸೆ ಅವರದಲ್ಲ, ರೋಗಕ್ಕೆ ಹೆಸರಿಡುವುದೂ ಅವರದಲ್ಲ.

ಆಯ್ಕೆಯಲ್ಲೇ ಅರ್ಧ ಕೆಲಸ ಇದೆ. ಕ್ಲಾಸ್ ಟಾಪರ್, ಎನ್‌ಎಸ್‌ಎಸ್ ಲೀಡರ್, ಸ್ಟೇಜ್ ಮೇಲೆ ಚೆನ್ನಾಗಿ ಮಾತಾಡುವವರು ಅಂತ ಪ್ರಿನ್ಸಿಪಾಲರು ಕೊಡುವ ಪಟ್ಟಿ ಬಹಳ ಸಲ ಉಪಯೋಗಕ್ಕೆ ಬರುವುದಿಲ್ಲ. ಚೆನ್ನಾಗಿ ಮಾತಾಡುವವರಿಗೆ ಸುಮ್ಮನಿರುವುದು ಕಷ್ಟ. ಖಿನ್ನತೆಯನ್ನೋ ಆತಂಕವನ್ನೋ ತಾವೇ ಅನುಭವಿಸಿ, ಚಿಕಿತ್ಸೆ ಪಡೆದು, ಕಡೇಪಕ್ಷ 6 ತಿಂಗಳಿಂದ ನಿದ್ದೆ, ಊಟ, ಓದು ಹದಕ್ಕೆ ಬಂದಿರುವವರು ಸಿಕ್ಕರೆ ಅವರಿಗಿಂತ ಒಳ್ಳೆಯವರಿಲ್ಲ. ಇನ್ನೂ ಸುಧಾರಿಸಿಕೊಳ್ಳುತ್ತಿರುವವರು ಅರ್ಜಿ ಹಾಕಿದರೆ "ಮುಂದಿನ ವರ್ಷ ಬಾ, ಜಾಗ ಇರುತ್ತೆ" ಅಂತ ಕೌನ್ಸೆಲರೇ ಖುದ್ದಾಗಿ ಹೇಳಬೇಕು. ನೋಟಿಸ್ ಬೋರ್ಡಿನಲ್ಲಿ ಹೆಸರು ಬಿಟ್ಟುಹೋಗಿದ್ದನ್ನು ನೋಡಿ ತಿಳಿದುಕೊಳ್ಳುವಂತಾಗಬಾರದು.

ನಾವು ಇಟ್ಟುಕೊಂಡಿರುವ ಅಳತೆ ಹೀಗಿದೆ. ಒಬ್ಬ ಮೆಂಟರ್‌ಗೆ ಇಬ್ಬರು, ತೀರಾ ಅಂದರೆ ಮೂವರು ಜೂನಿಯರ್‌ಗಳು. ವಾರಕ್ಕೊಂದು ಭೇಟಿ, 45 ನಿಮಿಷ. ಒಬ್ಬ ಕೌನ್ಸೆಲರ್ ಕೈಕೆಳಗೆ 8 ಮೆಂಟರ್‌ಗಳು. ತರಬೇತಿ 16 ಗಂಟೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಮಯ ಇಬ್ಬಿಬ್ಬರಾಗಿ ಕೂತು ಮಾತಾಡುವ ಅಭ್ಯಾಸ. ಸ್ಲೈಡ್ ತೋರಿಸಿ ಎರಡು ಗಂಟೆಯಲ್ಲಿ ಮುಗಿಸಿದರೆ ಸರ್ಟಿಫಿಕೇಟ್ ಕೈಗೆ ಬರುತ್ತದೆ, ಮೆಂಟರ್ ತಯಾರಾಗಿರುವುದಿಲ್ಲ.

ಮೊದಲ ಭೇಟಿಯ ಮೊದಲ ಐದು ನಿಮಿಷದಲ್ಲಿ, ಜೂನಿಯರ್ ಏನನ್ನೂ ಹೇಳಿಕೊಳ್ಳುವ ಮುಂಚೆ, ಮೆಂಟರ್ ಈ ಮಾತು ಹೇಳಿರಬೇಕು: "ನೀನು ಹೇಳಿದ್ದನ್ನ ಫ್ರೆಂಡ್ಸ್‌ಗೆ, ಲೆಕ್ಚರರ್‌ಗೆ, ಮನೆಯವರಿಗೆ ಹೇಳಲ್ಲ. ಆದರೆ ನಿನ್ನ ಜೀವಕ್ಕೆ ಅಥವಾ ಬೇರೆಯವರ ಜೀವಕ್ಕೆ ಅಪಾಯ ಇದೆ ಅನ್ಸಿದ್ರೆ, ಯಾರಾದ್ರೂ ನಿನ್ನ ಮೈಮೇಲೆ ಕೈ ಮಾಡ್ತಿದ್ರೆ, ಕೌನ್ಸೆಲರ್ ಮೇಡಮ್‌ಗೆ ಹೇಳ್ತೀನಿ. ನಿನಗೆ ಹೇಳಿಯೇ ಹೇಳ್ತೀನಿ." ಇದನ್ನು ಅಭ್ಯಾಸದಲ್ಲಿ ಇಪ್ಪತ್ತು ಸಲವಾದರೂ ಬಾಯಿಬಿಟ್ಟು ಹೇಳಿಸುತ್ತೇವೆ. ಓದಿ ತಿಳಿದುಕೊಂಡಿದ್ದು ಎದುರಿಗಿರುವವರು ಅತ್ತಾಗ ಬಾಯಿಗೆ ಬರುವುದಿಲ್ಲ. ವೃತ್ತಿಪರರಿಗೂ ಇಂಥದೇ ಗೆರೆ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಗುಟ್ಟನ್ನು ಕಾಯುತ್ತದೆ, ಜೀವಾಪಾಯ ತಪ್ಪಿಸಲು ಬೇಕಾದಷ್ಟನ್ನು ಹೇಳುವುದಕ್ಕೂ ಅವಕಾಶ ಕೊಡುತ್ತದೆ. ಪಿಯುಸಿ ಮಕ್ಕಳಲ್ಲಿ ಬಹುಪಾಲು 18 ತುಂಬದವರು. ಅವರ ಮೇಲೆ ಲೈಂಗಿಕ ದೌರ್ಜನ್ಯ ನಡೆದ ವಿಷಯ ತಿಳಿದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ದೂರು ಕೊಡುವುದು ಕಡ್ಡಾಯ. ಅದನ್ನು ತಲೆಗೆ ಹಚ್ಚಿಕೊಂಡು ಮೆಂಟರ್ ಒದ್ದಾಡಬಾರದು, ಅದೇ ದಿನ ಕೌನ್ಸೆಲರ್ ಹತ್ತಿರ ಬರಬೇಕು.

ಕೇಳುವುದನ್ನು ಕಲಿಸುವುದಕ್ಕೆ ನಮ್ಮ ಭಾಷೆಯನ್ನೇ ಸ್ವಲ್ಪ ಬಿಡಿಸಿ ನೋಡಬೇಕಾಗುತ್ತದೆ. "ಊಟ ಆಯ್ತಾ?" ಅಂತ ಎಲ್ಲರೂ ಕೇಳುತ್ತಾರೆ, ಎಲ್ಲರೂ "ಆಯ್ತು" ಅನ್ನುತ್ತಾರೆ. ಎರಡು ದಿನ ಸರಿಯಾಗಿ ತಿನ್ನದವಳೂ "ಆಯ್ತು" ಅಂತಲೇ ಹೇಳುವುದು. ಮೆಂಟರ್ ಕೇಳಬೇಕಾದ್ದು, "ಮಧ್ಯಾಹ್ನ ಮೆಸ್‌ನಲ್ಲಿ ಏನು ಮಾಡಿದ್ರು? ನೀನು ಎಷ್ಟು ತಿಂದೆ?" "ನಿದ್ದೆ ಬರುತ್ತಾ?" ಅನ್ನುವ ಬದಲು "ನಿನ್ನೆ ಎಷ್ಟು ಗಂಟೆಗೆ ಮಲಗಿದೆ, ಮಧ್ಯೆ ಎಚ್ಚರ ಆಯ್ತಾ, ಎಷ್ಟು ಗಂಟೆಗೆ ಎದ್ದೆ?" ಅಂತ ಕೇಳಬೇಕು. ಉತ್ತರವಾಗಿ ಲೆಕ್ಕ ಬಂದರೆ ಮುಂದಿನ ವಾರ ಹೋಲಿಸಿ ನೋಡಬಹುದು.

ಇನ್ನು ‘ಬೇಜಾರು’. ಕ್ಲಾಸ್ ಬೋರ್ ಆದರೂ ಬೇಜಾರು, ಗೆಳತಿ ಮಾತು ಬಿಟ್ಟರೂ ಬೇಜಾರು, ಬದುಕೇ ಸಾಕಾದರೂ ಬೇಜಾರು. ಯಾವ ಬೇಜಾರು ಅಂತ ಬಿಡಿಸಿ ಕೇಳದೆ ಮುಂದೆ ಹೋಗಬಾರದು. ಹುಡುಗರಲ್ಲಂತೂ ಎಷ್ಟೋ ಸಲ ಈ ಮಾತೂ ಬರುವುದಿಲ್ಲ, "ಗ್ಯಾಸ್ಟ್ರಿಕ್ ಸರ್", "ಎದೆ ಹೊಡ್ಕೊಳ್ಳುತ್ತೆ", "ತಲೆ ಭಾರ" ಅನ್ನುತ್ತಾರೆ. ಅವರನ್ನು ಎದುರು ಬದುರು ಕೂರಿಸಿ ಕಣ್ಣಲ್ಲಿ ಕಣ್ಣಿಟ್ಟು ಕೇಳಿದರೆ ಬಾಯಿ ಬಿಡುವುದು ಕಷ್ಟ. ಗ್ರೌಂಡ್ ಸುತ್ತ ಅಕ್ಕಪಕ್ಕ ನಡೆಯುತ್ತಾ ಕೇಳಿದರೆ ಎರಡನೇ ಸುತ್ತಿಗೆ ಮಾತು ಬರುತ್ತದೆ.

"ಧೈರ್ಯ ತಗೋ", "ಎಲ್ಲ ಸರಿಹೋಗುತ್ತೆ", "ಸ್ವಲ್ಪ ಅಡ್ಜಸ್ಟ್ ಮಾಡ್ಕೋ". ಈ ಮೂರನ್ನೂ ಅಭ್ಯಾಸದಲ್ಲಿ ಬಳಸುವಂತಿಲ್ಲ ಅಂತ ನಿಯಮ ಮಾಡುತ್ತೇವೆ. ಪ್ರೀತಿಯಿಂದ ಬರುವ ಮಾತುಗಳೇ ಅವು, ಆದರೆ ಅಲ್ಲಿಗೆ ಮಾತು ಮುಗಿದುಹೋಗುತ್ತದೆ.

ತಮ್ಮ ಅನುಭವ ಹೇಳಿಕೊಳ್ಳುವುದು ಪೀರ್ ಮೆಂಟರ್‌ಗಳ ದೊಡ್ಡ ಶಕ್ತಿ. ಹದ ತಪ್ಪಿದರೆ ಅಪಾಯವೂ ಅದರಲ್ಲೇ. ಎರಡು ನಿಮಿಷ ಮೀರಬಾರದು, ಹೇಳಿ ಮುಗಿಸಿದ ಕೂಡಲೇ "ನಿನಗೆ ಹೇಗೆ ಆಗ್ತಿದೆ?" ಅಂತ ಮಾತನ್ನು ವಾಪಸ್ ಕೊಡಬೇಕು. ಮಾತ್ರೆಯ ಹೆಸರು, ಡೋಸ್ ಬಾಯಿಗೆ ಬರಬಾರದು. ಖಿನ್ನತೆಯ ಮಾತ್ರೆ ಕೆಲಸ ಶುರುಮಾಡಲು ಸಾಮಾನ್ಯವಾಗಿ 2ರಿಂದ 6 ವಾರ ಹಿಡಿಯುತ್ತದೆ, ಹೊಟ್ಟೆ ತೊಳಸುವುದು ಮಾತ್ರ ಮೊದಲ ವಾರದಲ್ಲೇ ಬರಬಹುದು. ಹಾಗಾಗಿ ಹತ್ತನೇ ದಿನಕ್ಕೆ "ಉಪಯೋಗ ಇಲ್ಲ" ಅಂತ ಬಿಡುವವರು ಜಾಸ್ತಿ. "ಡಾಕ್ಟರನ್ನ ಕೇಳದೆ ನಿಲ್ಲಿಸಬೇಡ, ಬಾ, ಫೋನ್ ಮಾಡೋಣ" ಅನ್ನುವಷ್ಟು ಮಾತ್ರ ಮೆಂಟರ್ ಹೇಳಬೇಕು. 25 ವರ್ಷದೊಳಗಿನವರಲ್ಲಿ ಈ ಮಾತ್ರೆ ಶುರುಮಾಡಿದ ಅಥವಾ ಡೋಸ್ ಬದಲಿಸಿದ ಮೊದಲ ಕೆಲವು ವಾರ ಸಾಯುವ ಯೋಚನೆ ಹೆಚ್ಚಾಗಬಹುದು, ಹತ್ತಿರದಿಂದ ನೋಡಿಕೊಳ್ಳಬೇಕು. ಆ ಅವಧಿಯಲ್ಲಿ ವಾರಕ್ಕೆ ಎರಡು ಭೇಟಿ ಇಟ್ಟುಕೊಳ್ಳುತ್ತೇವೆ.

ಮೆಂಟರ್‌ಗಳು ಹೆಚ್ಚು ಹೆದರುವುದು ಒಂದು ಪ್ರಶ್ನೆಗೆ: "ಸಾಯಬೇಕು ಅನ್ನಿಸಿದೆಯಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತೆ ಆಗುತ್ತೆ ಅಂತ ಭಯ. ಹಾಗಾಗುವುದಿಲ್ಲ. ನೇರವಾಗಿ ಕೇಳಿದರೆ ಎಷ್ಟೋ ಜನಕ್ಕೆ ಎದೆಯ ಭಾರ ಇಳಿಯುತ್ತದೆ. "ಹಾಗೇನೂ ಮಾಡ್ಕೊಳ್ಳಲ್ಲ ತಾನೆ?" ಅಂತ ಕೇಳಬಾರದು, ಆ ಪ್ರಶ್ನೆಗೆ "ಇಲ್ಲ" ಅನ್ನುವುದೊಂದೇ ಉತ್ತರ ಉಳಿಯುತ್ತದೆ. "ಹೌದು" ಅಂತ ಬಂದರೆ ಮುಂದಿನ ಕ್ರಮ ಸರಳ, ಯಾರೂ ಮರೆಯಬಾರದು. ಅವಳನ್ನು ಒಬ್ಬಳೇ ಬಿಡಬಾರದು, ಬಾತ್‌ರೂಮಿಗೆ ಹೋದರೂ ಹೊರಗೆ ನಿಂತಿರಬೇಕು. ಕೂತಲ್ಲಿಂದಲೇ ಕೌನ್ಸೆಲರ್‌ಗೆ ಫೋನ್. ಅವರು ಸಿಗದಿದ್ದರೆ ವಾರ್ಡನ್. ಜೊತೆಗೆ 14416ಕ್ಕೆ ಕರೆ. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಏನಾದರೂ ಮಾಡಿಕೊಂಡಾಗಿದೆ ಅಂತ ಗೊತ್ತಾದರೆ ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿ, ಮಿಕ್ಕ ಮಾತೆಲ್ಲ ಆಮೇಲೆ. ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರಿ ತಡ ಮಾಡುವವರಿದ್ದಾರೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್.

ಕೌನ್ಸೆಲರ್‌ಗೆ ಒಪ್ಪಿಸುವುದರಲ್ಲೂ ಒಂದು ಸೂಕ್ಷ್ಮ ಇದೆ. ನಂಬರ್ ಕೊಟ್ಟು "ಹೋಗಿ ಬಾ" ಅಂದರೆ ಬಹುಪಾಲು ಮಂದಿ ಹೋಗುವುದಿಲ್ಲ. ಮೆಂಟರ್ ಜೊತೆಗೆ ನಡೆದುಕೊಂಡು ಹೋಗಬೇಕು, ಕೋಣೆಯೊಳಗೆ ಹತ್ತು ನಿಮಿಷ ಪಕ್ಕದಲ್ಲಿ ಕೂರಬೇಕು, ಏನು ಹೇಳಬೇಕು ಅಂತ ಇಬ್ಬರೂ ದಾರಿಯಲ್ಲೇ ಮಾತಾಡಿಕೊಂಡಿರಬೇಕು. "ನಾನು ಹೇಳ್ಲಾ, ನೀನೇ ಹೇಳ್ತೀಯಾ?" ಅಂತ ಕೇಳಿದರೆ ಹೆಚ್ಚಿನವರು "ನೀವೇ ಶುರು ಮಾಡಿ ಅಕ್ಕಾ" ಅನ್ನುತ್ತಾರೆ. ಮನೋವೈದ್ಯರು ಬೇಕಾದರೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಮೊದಲೇ ಫೋನ್ ಮಾಡಿ ಕೇಳಿ. ಬಸ್ಸು ಹತ್ತಿ ಹೋಗಿ ಬರಿಗೈಲಿ ಬಂದವರು ಎರಡನೇ ಸಲ ಹೊರಡುವುದು ಬಹಳ ಕಷ್ಟ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಡೆಸುವ, ಯುವಜನರಿಗೆ ಆಪ್ತಸಲಹೆ ಕೊಡುವ ಯುವ ಸ್ಪಂದನ ಕೇಂದ್ರಗಳೂ ಜಿಲ್ಲೆಗಳಲ್ಲಿ ಇವೆ.

ರಾತ್ರಿಯ ವಾಟ್ಸ್‌ಆ್ಯಪ್‌ಗೆ ಒಂದು ಗಡಿ ಬೇಕೇ ಬೇಕು. ಒಂಬತ್ತರ ನಂತರ ಮೆಂಟರ್ ಉತ್ತರ ಕೊಡುವುದಿಲ್ಲ, ಆಗ 14416 ಅಥವಾ ವಾರ್ಡನ್. ಇದನ್ನೂ ಮೊದಲ ಭೇಟಿಯಲ್ಲೇ ಹೇಳಬೇಕು. ನಡುರಾತ್ರಿ ಮೂರು ದಿನ ಉತ್ತರ ಕೊಟ್ಟು ನಾಲ್ಕನೇ ದಿನ ನಿದ್ದೆ ಹೋದರೆ ಜೂನಿಯರ್‌ಗೆ ಕೈಬಿಟ್ಟಂತೆ ಅನ್ನಿಸುತ್ತದೆ, ಮೆಂಟರ್‌ಗೆ ಪಾಪಪ್ರಜ್ಞೆ.

ವಾರಕ್ಕೊಮ್ಮೆ ಒಂದು ಗಂಟೆ ಎಂಟೂ ಮೆಂಟರ್‌ಗಳು ಕೌನ್ಸೆಲರ್ ಜೊತೆ ಕೂರುತ್ತಾರೆ. ಹಣ, ಸಮಯ ಕಡಿಮೆ ಬಿದ್ದಾಗ ಎಲ್ಲರೂ ಮೊದಲು ಕತ್ತರಿಸುವುದು ಇದನ್ನೇ. ಇದೊಂದನ್ನು ಉಳಿಸಿಕೊಳ್ಳಲಾಗದಿದ್ದರೆ ಕಾರ್ಯಕ್ರಮ ನಿಲ್ಲಿಸುವುದೇ ಮೇಲು ಅಂತ ನಾವು ಆಡಳಿತ ಮಂಡಳಿಗೆ ನೇರವಾಗಿ ಹೇಳುತ್ತೇವೆ. ಪ್ರತಿಯೊಬ್ಬರೂ ಒಂದು ಹಾಳೆ ತರುತ್ತಾರೆ, ಅದರಲ್ಲಿ ಹೆಸರಿಲ್ಲ, ನಂಬರ್ ಮಾತ್ರ. ನಾಲ್ಕೇ ಸಾಲು: ಭೇಟಿ ಆಯಿತೇ, ನಿದ್ದೆ ಊಟ ಹೇಗಿದೆ, ಮುಂದೇನು, ನನಗೆ ಈ ವಾರ ಹೇಗಿತ್ತು. ಕೊನೆಯ ಸಾಲು ಎರಡು ವಾರ ಖಾಲಿ ಬಂದರೆ ಕೌನ್ಸೆಲರ್ ಆ ಮೆಂಟರ್ ಜೊತೆ ಪ್ರತ್ಯೇಕವಾಗಿ ಕೂರುತ್ತಾರೆ. ಇಂಟರ್ನಲ್ಸ್ ಹತ್ತಿರ ಬಂದಾಗ ಮೆಂಟರ್‌ಗೆ ಎರಡು ವಾರ ರಜೆ, ಅವರ ಜೂನಿಯರ್‌ಗಳನ್ನು ಇನ್ನೊಬ್ಬರು ನೋಡಿಕೊಳ್ಳುತ್ತಾರೆ. ಅವರೂ ವಿದ್ಯಾರ್ಥಿಗಳೇ, ಅಟೆಂಡೆನ್ಸ್ ಶಾರ್ಟೇಜ್ ಅವರಿಗೂ ಬರುತ್ತದೆ.

ಸೆಮಿಸ್ಟರ್ ಮುಗಿಯುವ ಮೂರು ವಾರ ಮುಂಚೆಯೇ ಕೊನೆಯ ಭೇಟಿಯ ತಾರೀಖು ಹೇಳಿರಬೇಕು. ಆ ದಿನ ಇಬ್ಬರೂ ಕೂತು ಒಂದು ಚೀಟಿ ಬರೆಯುತ್ತಾರೆ: ಮತ್ತೆ ಕಷ್ಟ ಶುರುವಾಗುತ್ತಿದೆ ಅಂತ ತೋರಿಸುವ ಎರಡು ಲಕ್ಷಣ, ಆಗ ಮಾಡಬಹುದಾದ ಎರಡು ಕೆಲಸ, ಫೋನ್ ಮಾಡಬಹುದಾದ ಮೂವರು. ಜೂನಿಯರ್ ಅದನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳುತ್ತಾಳೆ. ಆ ಮೂವರಲ್ಲಿ ಮೆಂಟರ್ ಹೆಸರು ಇರಬಾರದು. ಅಕ್ಕ ಕೆಲಸ ಸಿಕ್ಕಿ ಊರು ಬಿಟ್ಟ ಮೇಲೂ ಚೀಟಿಯಲ್ಲಿರುವವರು ಫೋನ್ ಎತ್ತುವಂತಿರಬೇಕು.